ಯೂಟ್ಯೂಬ್ ಬ್ಲಾಕ್ ಮಾಡೋದರಿಂದ ಶುರು ಮಾಡಬೇಡಿ

ಮೂವತ್ತು ಕಂಪ್ಯೂಟರ್ ಇರುವ ಆಫೀಸು ಅಂದುಕೊಳ್ಳಿ. ಪೀಣ್ಯದಲ್ಲಿರಲಿ, ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿರಲಿ, ನೆಟ್‌ವರ್ಕ್ ನೋಡಿಕೊಳ್ಳುವವನಿಗೆ ಓನರ್ ಹೇಳುವ ಮೊದಲ ಮಾತು ಒಂದೇ: "ಹುಡುಗ್ರು ಬರೀ ಯೂಟ್ಯೂಬು, ಇನ್‌ಸ್ಟಾಗ್ರಾಮು ನೋಡ್ತಾರೆ, ಅದೊಂದು ಬಂದ್ ಮಾಡ್ಕೊಡಿ." ಬಂದ್ ಮಾಡೋದು ಹತ್ತು ನಿಮಿಷದ ಕೆಲಸ. ಮಾರನೇ ದಿನದಿಂದ ಅದೇ ಹುಡುಗರು ಅದೇ ರೀಲ್ಸನ್ನು ತಮ್ಮ ಫೋನಿನಲ್ಲಿ, ತಮ್ಮದೇ ಡೇಟಾದಲ್ಲಿ, ಮೇಜಿನ ಕೆಳಗೆ ಹಿಡಿದು ನೋಡುತ್ತಾರೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗಲೇ ಈ ಜಗಳದಲ್ಲಿ ಫೈರ್‌ವಾಲ್ (ನೆಟ್‌ವರ್ಕಿನ ಬಾಗಿಲು ಕಾಯುವ ಪೆಟ್ಟಿಗೆ) ಸೋತಾಗಿದೆ.

ಅತ್ತ ಯೂಟ್ಯೂಬ್ ಬಂದ್ ಆಗಿರುವ ಅದೇ ಆಫೀಸಿನಲ್ಲಿ ಅಕೌಂಟ್ಸ್ ವಿಭಾಗದ ಕಂಪ್ಯೂಟರ್ ಯಾವ ಸೈಟಿಗೆ ಬೇಕಾದರೂ ಹೋಗುತ್ತದೆ, ಯಾವ ಎಕ್ಸ್‌ಟೆನ್ಷನ್ ಬೇಕಾದರೂ ಹಾಕಿಕೊಳ್ಳುತ್ತದೆ. ಬೆಳಗ್ಗೆ "ಇನ್‌ವಾಯ್ಸ್" ಅಂತ ಬಂದ ಜಿಪ್ ಫೈಲನ್ನು ಬಿಚ್ಚುವುದೂ ಅದರಲ್ಲೇ, ಮಧ್ಯಾಹ್ನ ಕಂಪನಿಯ ನೆಟ್‌ಬ್ಯಾಂಕಿಂಗ್ ತೆರೆಯುವುದೂ ಅದರಲ್ಲೇ. ಇಂಟರ್ನೆಟ್ ಕಟ್ಟುಪಾಡು ಅಂತ ದುಡ್ಡು, ಸಮಯ ಹಾಕುವುದಿದ್ದರೆ ಈ ಯಂತ್ರದಿಂದ ಶುರುವಾಗಬೇಕು. ಸಿಬ್ಬಂದಿ ಕೆಲಸ ಮಾಡುತ್ತಿದ್ದಾರೋ ಇಲ್ಲವೋ ನೋಡುವುದು ಮೇಲಿನವರ ಕೆಲಸ, ರೂಟರಿನದಲ್ಲ.

ಏನನ್ನೂ ಮುಚ್ಚುವ ಮುಂಚೆ ಒಂದು ವಾರ ಸುಮ್ಮನೆ ನೋಡಿ. ರೂಟರ್‌ನಲ್ಲೋ, ಹಳೇ ಪಿಸಿಯೊಂದರ ಮೇಲೆ ಹಾಕಿದ ಪೈ-ಹೋಲ್ ಅನ್ನುವ ಪುಕ್ಕಟೆ ತಂತ್ರಾಂಶದಲ್ಲೋ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಲಾಗ್ ಆನ್ ಮಾಡಿ, ಯಾವ ಯಂತ್ರ ಯಾವ ಹೆಸರನ್ನು ಕೇಳುತ್ತಿದೆ ಅಂತ ಬರೆದುಕೊಳ್ಳಿ. ಓನರ್ ಅಂದುಕೊಂಡ ಚಿತ್ರಕ್ಕೂ ಇದಕ್ಕೂ ಸಂಬಂಧವೇ ಇರುವುದಿಲ್ಲ. "ನೆಟ್ ಸ್ಲೋ" ಅನ್ನುವ ದೂರಿನ ಮೂಲ ಬಹಳ ಸಲ ಬೆಳಗ್ಗೆ ಒಟ್ಟಿಗೆ ಇಳಿಯುವ ವಿಂಡೋಸ್ ಅಪ್‌ಡೇಟು, ಇಲ್ಲವೇ ಆಫೀಸ್ ವೈ-ಫೈ ಸಿಕ್ಕ ತಕ್ಷಣ ನಿನ್ನೆಯ ಮದುವೆ ಫೋಟೋಗಳನ್ನೆಲ್ಲ ಮೇಲೆ ಕಳಿಸುವ ಫೋನುಗಳು. ಅಪ್‌ಲೋಡ್ ತುಂಬಿಹೋದರೆ ಡೌನ್‌ಲೋಡ್ ಎಷ್ಟಿದ್ದರೂ ಪೇಜುಗಳು ತೆವಳುತ್ತವೆ. ಲೆಕ್ಕವನ್ನೂ ಹಾಕಿ: 1080ಪಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್ ಬೇಕು. ಹತ್ತು ಜನ ಒಟ್ಟಿಗೆ ನೋಡಿದರೂ 50. 100ರ ಲೈನಿನಲ್ಲಿ ಅದರ ಮೇಲೂ ಅರ್ಧ ಉಳಿಯುತ್ತದೆ. ಬ್ಯಾಂಡ್‌ವಿಡ್ತ್ ಮಾತ್ರ ಸಮಸ್ಯೆ ಆಗಿದ್ದರೆ ಬ್ಲಾಕ್ ಬೇಡ, ವೇಗಕ್ಕೊಂದು ಮಿತಿ ಹಾಕಿದರೆ ಸಾಕು. ಮೈಕ್ರೋಟಿಕ್ ರೂಟರ್ ಬಳಸುವವರಿಗೆ ಒಂದು ಮಾತು: ಸಂಪರ್ಕಗಳನ್ನು ಅಡ್ಡದಾರಿಯಲ್ಲಿ ಬೇಗ ಸಾಗಿಸುವ ಫಾಸ್ಟ್‌ಟ್ರ್ಯಾಕ್ ನಿಯಮ ಆನ್ ಇದ್ದರೆ ಸಿಂಪಲ್ ಕ್ಯೂನಲ್ಲಿ ಹಾಕಿದ ವೇಗದ ಮಿತಿ ಅದರೊಳಗಿನ ಸಂಪರ್ಕಗಳಿಗೆ ತಾಗುವುದೇ ಇಲ್ಲ. "ಮಿತಿ ಹಾಕಿದೀನಿ, ಕೆಲಸ ಮಾಡ್ತಿಲ್ಲ" ಅನ್ನುವವರು ಮೊದಲು ಅದನ್ನು ನೋಡಲಿ.

ಎರಡನೆಯ ಕೆಲಸ ನೆಟ್‌ವರ್ಕನ್ನು ಒಡೆಯುವುದು. ಕನಿಷ್ಠ ನಾಲ್ಕು ವಿಎಲ್‌ಎಎನ್ (ಒಂದೇ ಕೇಬಲ್ ಜಾಲದೊಳಗೆ ಬೇರೆ ಬೇರೆಯಾಗಿ ನಿಲ್ಲುವ ನೆಟ್‌ವರ್ಕ್) ಬೇಕು: ಅಕೌಂಟ್ಸ್, ಉಳಿದ ಆಫೀಸ್ ಕಂಪ್ಯೂಟರ್‌ಗಳು, ಫೋನು ಮತ್ತು ಬಂದು ಹೋಗುವವರು, ಕೊನೆಗೆ ಸಿಸಿಟಿವಿ ಹಾಗೂ ಹಾಜರಿ ಮೆಷಿನ್. ಇದಕ್ಕೆ ಬೇಕಾದ್ದು ವಿಎಲ್‌ಎಎನ್ ತಿಳಿಯುವ ಒಂದು ರೂಟರ್ (ಎರಡು ಲ್ಯಾನ್ ಕಾರ್ಡ್ ಇರುವ ಹಳೇ ಪಿಸಿಗೆ ಓಪನ್‌ಸೆನ್ಸ್ ಅನ್ನುವ ಪುಕ್ಕಟೆ ಫೈರ್‌ವಾಲ್ ತಂತ್ರಾಂಶ ಹಾಕಿದರೂ ನಡೆಯುತ್ತದೆ), ವಿಎಲ್‌ಎಎನ್ ಹಾಕಲು ಬರುವ ಒಂದು ಮ್ಯಾನೇಜ್ಡ್ ಸ್ವಿಚ್, ಒಂದಕ್ಕಿಂತ ಹೆಚ್ಚು ವೈ-ಫೈ ಹೆಸರು ಕೊಡುವ ಆಕ್ಸೆಸ್ ಪಾಯಿಂಟ್. ಮಾಮೂಲಿ ಎಂಟು ಪೋರ್ಟಿನ ಅಗ್ಗದ ಸ್ವಿಚ್ಚನ್ನು ಮಧ್ಯೆ ಸಿಕ್ಕಿಸಿದರೆ ಅದರ ಆಚೆ ಇರುವವರೆಲ್ಲ ಒಂದೇ ಗುಂಪಿಗೆ ಸೇರಿಬಿಡುತ್ತಾರೆ. ಮೇಜಿನ ಕೆಳಗೆ ಬಗ್ಗಿ, ಕೇಬಲ್ ಹಿಡಿದು ಹೋಗಿ ಎಣಿಸಿ. ಲೆಕ್ಕಕ್ಕೆ ಸಿಗದ ಸ್ವಿಚ್ ಒಂದಾದರೂ ಸಿಕ್ಕೇ ಸಿಗುತ್ತದೆ.

ಒಡೆದ ದಿನ ಎರಡು ಫೋನ್ ಕರೆ ಗ್ಯಾರಂಟಿ. ಒಂದು "ಪ್ರಿಂಟರ್ ಕಾಣ್ತಿಲ್ಲ". ಪ್ರಿಂಟರ್‌ಗಳು ತಾವಾಗಿ ಕಾಣಿಸಿಕೊಳ್ಳುವ ವಿಧಾನ ವಿಎಲ್‌ಎಎನ್ ದಾಟುವುದಿಲ್ಲ. ಅದಕ್ಕೊಂದು ಸ್ಥಿರ ಐಪಿ ಕೊಟ್ಟು, 9100 ಪೋರ್ಟಿಗೆ (ಇಲ್ಲಿ ಪೋರ್ಟ್ ಅಂದರೆ ಕೇಬಲ್ ಚುಚ್ಚುವ ಜಾಗವಲ್ಲ, ತಂತ್ರಾಂಶಗಳು ಮಾತಾಡುವ ಬಾಗಿಲಿನ ನಂಬರು) ಅನುಮತಿ ಕೊಟ್ಟು, ಐಪಿ ಹಾಕಿಯೇ ಸೇರಿಸಬೇಕು. ಇನ್ನೊಂದು "ಹಾಜರಿ ಡೌನ್‌ಲೋಡ್ ಆಗ್ತಿಲ್ಲ". ನಮ್ಮಲ್ಲಿ ಕಾಣುವ ಬಹುಪಾಲು ಬೆರಳಚ್ಚು ಮೆಷಿನ್‌ಗಳು ಮಾತಾಡುವುದು 4370 ಪೋರ್ಟಿನಲ್ಲಿ. ಎಚ್‌ಆರ್ ಕಂಪ್ಯೂಟರ್ ಒಂದರಿಂದ ಮಾತ್ರ ಆ ಪೋರ್ಟಿಗೆ ದಾರಿ ಬಿಡಿ. ಟ್ಯಾಲಿಯ ಲೈಸೆನ್ಸ್ ಸರ್ವರ್ ಬೇರೆ ಯಂತ್ರದಲ್ಲಿದ್ದರೆ ಅದು ತಾನಾಗಿ ಇಟ್ಟುಕೊಳ್ಳುವ 9999 ಪೋರ್ಟ್ ಕೂಡ ತೆರೆದಿರಬೇಕು. ಇಲ್ಲದಿದ್ದರೆ ಟ್ಯಾಲಿ ಲೈಸೆನ್ಸ್ ಇಲ್ಲದ, ಕಲಿಯುವವರಿಗಷ್ಟೇ ಆಗುವ ಎಜುಕೇಶನ್ ಮೋಡಿಗೆ ಹೋಗಿ ಕೂರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಎಲ್ಲ ನಿಯಮವನ್ನೂ ಹಾರಿಸುವ ಒಂದು ಡಬ್ಬಿ ಗೋಡೆಯ ಮೇಲೆ ಉಳಿದಿರುತ್ತದೆ. ಫೈಬರ್ ಕಂಪನಿಯವರು ಕೂರಿಸಿ ಹೋದ ಬಿಳಿ ಪೆಟ್ಟಿಗೆ ಅದು. ಅದರ ವೈ-ಫೈ ಇನ್ನೂ ಆನ್ ಇರುತ್ತದೆ, ಪಾಸ್‌ವರ್ಡ್ ಅದರ ಕೆಳಗಿನ ಸ್ಟಿಕ್ಕರ್ ಮೇಲೆ ಅಚ್ಚಾಗಿರುತ್ತದೆ, ಅದನ್ನು ಒಬ್ಬ ಫೋಟೋ ಹೊಡೆದು ಗ್ರೂಪಿಗೆ ಹಾಕಿದರೆ ಮುಗಿಯಿತು. ಅಲ್ಲಿ ಸೇರಿದವರು ನಿಮ್ಮ ಫೈರ್‌ವಾಲಿನ ಹೊರಗಿದ್ದಾರೆ. ಆ ವೈ-ಫೈ ಆಫ್ ಮಾಡಿಸಿ, ಸಾಧ್ಯವಾದರೆ ಬ್ರಿಡ್ಜ್ ಮೋಡಿಗೆ (ಲೈನನ್ನು ನೇರ ನಿಮ್ಮ ರೂಟರಿಗೆ ದಾಟಿಸುವ ಸ್ಥಿತಿ) ಹಾಕಿಸಿ, ಉಳಿದ ಲ್ಯಾನ್ ಪೋರ್ಟುಗಳಿಗೆ ಯಾರೂ ಕೇಬಲ್ ಚುಚ್ಚದ ಹಾಗೆ ಪೆಟ್ಟಿಗೆಯನ್ನು ರ‍್ಯಾಕಿನೊಳಗೆ ಇಟ್ಟು ಬೀಗ ಹಾಕಿ. ಬೀಗ ಅಂದರೆ ನಿಜವಾದ ಬೀಗ.

ಫೋನುಗಳನ್ನು ಮ್ಯಾಕ್ ವಿಳಾಸ (ಪ್ರತಿ ಸಾಧನದ ವೈ-ಫೈ ಗುರುತಿನ ನಂಬರು) ಹಿಡಿದು ತಡೆಯುತ್ತೇವೆ ಅನ್ನುವವರಿಗೆ: ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಫೋನು ಪ್ರತಿ ವೈ-ಫೈಗೂ ಬೇರೆ ಬೇರೆ ಸುಳ್ಳು ಮ್ಯಾಕ್ ತೋರಿಸುತ್ತದೆ. ನೆಟ್‌ವರ್ಕ್ ಅಳಿಸಿ ಮತ್ತೆ ಸೇರಿದರೆ ನಿಮ್ಮ ಪಟ್ಟಿ ಕೆಲಸಕ್ಕೆ ಬರದೆ ಹೋಗಬಹುದು. ಆಫೀಸ್ ಕಂಪ್ಯೂಟರ್‌ಗಳ ವೈ-ಫೈ ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಫೋನುಗಳಿಗೆ ಬೇರೆ ಹೆಸರಿನ ವೈ-ಫೈ ಕೊಡಿ. ಕೊಡದಿದ್ದರೆ ಹೇಗಾದರೂ ಒಳಗೆ ಬರುತ್ತಾರೆ.

ಇನ್ನು ಡಿಎನ್‌ಎಸ್ ಫಿಲ್ಟರ್. ಖರ್ಚಿಲ್ಲದೆ ಹೆಚ್ಚು ರಕ್ಷಣೆ ಕೊಡುವುದು ಇದೇ. ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ ವಿಳಾಸಗಳಾದ 1.1.1.2 ಮತ್ತು 1.0.0.2 ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಸೈಟುಗಳನ್ನು ತಡೆಯುತ್ತವೆ. 1.1.1.3 ಅದರ ಜೊತೆಗೆ ಅಶ್ಲೀಲ ಸೈಟುಗಳನ್ನೂ. ಕ್ವಾಡ್‌ನೈನ್‌ನ 9.9.9.9 ಕೂಡ ಮಾಲ್‌ವೇರ್ ತಡೆಗೇ ಇರುವುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ಮೊದಲನೆಯದಾಗಿ 1.1.1.2 ಹಾಕಿ, "ಬ್ಯಾಕಪ್ ಇರಲಿ" ಅಂತ ಎರಡನೆಯದಾಗಿ ಫಿಲ್ಟರ್ ಇಲ್ಲದ ಗೂಗಲ್ಲಿನ 8.8.8.8 ಹಾಕುತ್ತಾರೆ. ಮೊದಲನೆಯದು ಕೆಟ್ಟಾಗ ಮಾತ್ರ ಎರಡನೆಯದು ಅಂತ ಎಷ್ಟೋ ಯಂತ್ರಗಳು ಕಾಯುತ್ತಾ ಕೂರುವುದಿಲ್ಲ, ಎರಡನ್ನೂ ಬಳಸುತ್ತವೆ. ಫಿಲ್ಟರ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಜಾಗದಲ್ಲಿ ಫಿಲ್ಟರ್ ಇರುವ ವಿಳಾಸವೇ ಇರಲಿ.

ಫಿಲ್ಟರ್ ಹಾಕಿದ ಮೇಲೆ ಅದರ ಸುತ್ತಲಿನ ಕಿಟಕಿಗಳನ್ನು ಮುಚ್ಚಬೇಕು. ಒಳಗಿನಿಂದ ಹೊರಗೆ ಹೋಗುವ 53ನೇ ಪೋರ್ಟನ್ನು (ಮಾಮೂಲಿ ಡಿಎನ್‌ಎಸ್ ಹೋಗುವುದು ಇದರಲ್ಲಿ), ಯುಡಿಪಿ ಟಿಸಿಪಿ ಅನ್ನುವ ಸಾಗಣೆಯ ಎರಡೂ ವಿಧಾನಗಳಲ್ಲಿ, ರೂಟರಿಗೇ ತಿರುಗಿಸಿ. ಆಗ ಯಾರಾದರೂ ಕೈಯಾರೆ 8.8.8.8 ಹಾಕಿಕೊಂಡರೂ ಉತ್ತರ ಕೊಡುವುದು ನಿಮ್ಮ ಫಿಲ್ಟರೇ. 853 ಮುಚ್ಚಿ, ಆಂಡ್ರಾಯ್ಡಿನ "ಪ್ರೈವೇಟ್ ಡಿಎನ್‌ಎಸ್" ಸಾಮಾನ್ಯವಾಗಿ ಹೋಗುವುದು ಅದರಲ್ಲಿ. ಕಷ್ಟದ್ದು ಎಚ್‌ಟಿಟಿಪಿಎಸ್ (ಗೂಢಲಿಪಿಯಲ್ಲಿ ಸಾಗುವ ವೆಬ್ ಸಂಚಾರ) ಒಳಗೆ ಅಡಗಿ ಹೋಗುವ ಡಿಎನ್‌ಎಸ್. 2018ರಲ್ಲಿ ಬಂದ ಈ ಪದ್ಧತಿ ಮಾಮೂಲಿ ವೆಬ್ ಸಂಚಾರದ ಹಾಗೇ 443ರಲ್ಲಿ ಹೋಗುವುದರಿಂದ ಪೋರ್ಟ್ ಹಿಡಿದು ತಡೆಯಲಾಗದು. ಫೈರ್‌ಫಾಕ್ಸಿಗೆ ಒಂದು ಗುಪ್ತ ಸನ್ನೆ ಇದೆ: "ಯೂಸ್-ಅಪ್ಲಿಕೇಶನ್-ಡಿಎನ್‌ಎಸ್ ಡಾಟ್ ನೆಟ್" ಅನ್ನುವ ಹೆಸರಿಗೆ "ಇಲ್ಲ" ಅಂತ ಉತ್ತರ ಬಂದರೆ ಅದು ತಾನಾಗಿ ಆನ್ ಮಾಡಿಕೊಂಡ ಡಿಎನ್‌ಎಸ್ ಗೂಢಲಿಪಿಯನ್ನು ಬಿಟ್ಟುಬಿಡುತ್ತದೆ. ಬಳಕೆದಾರ ಬೇಕೆಂದೇ ಆನ್ ಮಾಡಿದ್ದರೆ ಮಾತ್ರ ಕೇಳುವುದಿಲ್ಲ. ಬ್ರೌಸಿಂಗನ್ನು ಮರೆಮಾಡಿ ಸಾಗಿಸುವ ಐಫೋನಿನ ಪ್ರೈವೇಟ್ ರಿಲೇಗೆ "ಮಾಸ್ಕ್ ಡಾಟ್ ಐಕ್ಲೌಡ್ ಡಾಟ್ ಕಾಮ್" ಮತ್ತು "ಮಾಸ್ಕ್-ಎಚ್2 ಡಾಟ್ ಐಕ್ಲೌಡ್ ಡಾಟ್ ಕಾಮ್" ಎರಡಕ್ಕೂ ಹೀಗೇ "ಇಲ್ಲ" ಅನ್ನಿಸಿ. ಕ್ರೋಮಿನಲ್ಲಿ ಪಾಲಿಸಿಯಿಂದಲೇ ಇದನ್ನು ಆಫ್ ಮಾಡಬಹುದು.

ಯುಡಿಪಿ 443 ಕೂಡ ಮುಚ್ಚಿ. ಕ್ವಿಕ್ ಅನ್ನುವ ಹೊಸ ಪ್ರೋಟೊಕಾಲ್ ಅದರಲ್ಲಿ ಓಡುತ್ತದೆ. ಸೈಟಿನ ಹೆಸರು ನೋಡಿ ತಡೆಯುವ ಹಲವು ಚಿಕ್ಕ ಫೈರ್‌ವಾಲ್‌ಗಳು ಟಿಸಿಪಿಯನ್ನಷ್ಟೇ ಓದುವುದರಿಂದ ಯೂಟ್ಯೂಬ್ ಒಂದು ಬ್ರೌಸರಿನಲ್ಲಿ ನಿಂತು ಇನ್ನೊಂದರಲ್ಲಿ ಓಡುತ್ತಿರುತ್ತದೆ. ಮುಚ್ಚಿದರೆ ಬ್ರೌಸರ್ ತಾನಾಗಿ ಟಿಸಿಪಿಗೆ ಇಳಿಯುತ್ತದೆ, ಯಾರ ಕೆಲಸವೂ ನಿಲ್ಲುವುದಿಲ್ಲ.

ಹೊಸ ಪೀಳಿಗೆಯ ಐಪಿ ವಿಳಾಸ ಪದ್ಧತಿಯಾದ ಐಪಿವಿ6 ಮರೆಯಬೇಡಿ. ನಿಯಮಗಳನ್ನೆಲ್ಲ ಐಪಿವಿ4ಗೆ ಬರೆದು ಬಿಟ್ಟಿದ್ದೀರಿ, ಕಂಪನಿಯ ಲೈನ್ ಐಪಿವಿ6 ಕೂಡ ಕೊಡುತ್ತಿದೆ ಅಂದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲು ತೆರೆದಿಟ್ಟ ಹಾಗೆ. ವಿಂಡೋಸ್, ಆಂಡ್ರಾಯ್ಡ್ ಎರಡೂ ಸಿಕ್ಕರೆ ಐಪಿವಿ6ನ್ನೇ ಮೊದಲು ಹಿಡಿಯುತ್ತವೆ. ಅದಕ್ಕೂ ಇದೇ ನಿಯಮ ಬರೆಯಿರಿ, ಇಲ್ಲವೇ ಒಳಗಿನ ನೆಟ್‌ವರ್ಕಿಗೆ ಅದನ್ನು ಹಂಚಬೇಡಿ.

ಬ್ಲಾಕ್ ಪೇಜ್ ಬಗ್ಗೆ ಒಂದು ತಕರಾರು ಇದೆ. "ಈ ಸೈಟ್ ನಿಷೇಧಿಸಲಾಗಿದೆ" ಅಂತ ಕಂಪನಿ ಲೋಗೋ ಇರುವ ಪುಟ ಬರಲಿ ಅಂತ ಓನರ್‌ಗಳಿಗೆ ಬಲು ಆಸೆ. ಎಚ್‌ಟಿಟಿಪಿಎಸ್ ಸೈಟಿನ ಜಾಗದಲ್ಲಿ ನಿಮ್ಮ ಪುಟ ತೋರಿಸಲು ಹೋದರೆ ಬ್ರೌಸರ್ ಮೊದಲು ಸರ್ಟಿಫಿಕೇಟ್ (ಸೈಟಿನ ಗುರುತಿನ ಚೀಟಿ) ಎಚ್ಚರಿಕೆ ಕೊಡುತ್ತದೆ. ಜನ "ಅಡ್ವಾನ್ಸ್ಡ್" ಒತ್ತಿ ಮುಂದೆ ಹೋಗುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ನಾಳೆ ನಕಲಿ ಬ್ಯಾಂಕ್ ಪುಟ ಬಂದಾಗಲೂ ಅದೇ ಬೆರಳು ಅದೇ ಗುಂಡಿ ಒತ್ತುತ್ತದೆ. ಪುಟ ಬೇಡ, ಸಂಪರ್ಕ ಸುಮ್ಮನೆ ಕಡಿಯಲಿ.

ಈಗ ಅಕೌಂಟ್ಸ್ ಕಂಪ್ಯೂಟರ್. ಇಲ್ಲಿ ಲೆಕ್ಕ ಉಲ್ಟಾ. ಯಾವುದನ್ನು ತಡೆಯಬೇಕು ಅಂತಲ್ಲ, ಯಾವುದಕ್ಕೆ ಮಾತ್ರ ಬಿಡಬೇಕು ಅಂತ ಪಟ್ಟಿ ಮಾಡಬೇಕು. ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್, ಆದಾಯ ತೆರಿಗೆ, ಟಿಡಿಎಸ್ ಲೆಕ್ಕದ ಟ್ರೇಸಸ್, ಇಪಿಎಫ್, ಇಎಸ್‌ಐ, ಕಂಪನಿಯ ಬ್ಯಾಂಕುಗಳು, ಟ್ಯಾಲಿಯ ಸರ್ವರುಗಳು, ಆಫೀಸ್ ಮೇಲ್, ವಿಂಡೋಸ್ ಮತ್ತು ಆಂಟಿವೈರಸ್ ಅಪ್‌ಡೇಟ್. ಕೇಳಲು ಸುಲಭ. ಹಾಕಿದ ಮೊದಲ ಗಂಟೆಯಲ್ಲೇ ಬ್ಯಾಂಕ್ ಪುಟ ಬಣ್ಣವಿಲ್ಲದೆ, ಅಕ್ಷರಗಳೆಲ್ಲ ಎಡಕ್ಕೆ ಬಿದ್ದು ತೆರೆದುಕೊಳ್ಳುತ್ತದೆ, ಯಾಕೆಂದರೆ ಆ ಪುಟ ಬೇರೆ ನಾಲ್ಕು ಕಡೆಯಿಂದ ಸಾಮಾನು ತರಿಸಿಕೊಳ್ಳುತ್ತದೆ. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ಪುಟವನ್ನು ರಿಫ್ರೆಶ್ ಮಾಡಿ. ಕೆಂಪಾಗಿ ನಿಂತ ಸಾಲುಗಳಲ್ಲಿರುವ ಹೆಸರುಗಳೇ ಪಟ್ಟಿಗೆ ಸೇರಬೇಕಾದವು. ಜಾಹೀರಾತು, ಟ್ರ್ಯಾಕಿಂಗ್ ಹೆಸರುಗಳನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. ಕ್ಯಾಪ್ಚಾ ಬರುವ ಸೈಟಾದರೆ ಗೂಗಲ್ಲಿನ ಜಿಸ್ಟ್ಯಾಟಿಕ್ ಕೂಡ ಬೇಕಾಗಬಹುದು.

ಡಿಜಿಟಲ್ ಸಹಿ ಟೋಕನ್ ಕಾಟ ಬೇರೆ. ಜಿಎಸ್‌ಟಿಯಲ್ಲಿ ಸಹಿ ಹಾಕುವ ಎಮ್‌ಸೈನರ್ ಅದೇ ಕಂಪ್ಯೂಟರಿನಲ್ಲಿ ಓಡುವ ಚಿಕ್ಕ ಸರ್ವರ್. ಬ್ರೌಸರ್ ಅದರ ಜೊತೆ 127.0.0.1 ವಿಳಾಸದ 1585 ಪೋರ್ಟಿನಲ್ಲಿ ಮಾತಾಡುತ್ತದೆ. ನೀವು ಪ್ರಾಕ್ಸಿ (ವೆಬ್ ಸಂಚಾರವನ್ನೆಲ್ಲ ತನ್ನ ಮೂಲಕ ದಾಟಿಸುವ ಸರ್ವರ್) ಹಾಕಿ, "ಲೋಕಲ್ ವಿಳಾಸಗಳಿಗೆ ಪ್ರಾಕ್ಸಿ ಬೇಡ" ಅನ್ನುವ ಗುರುತು ಮರೆತಿದ್ದರೆ ಆ ಮಾತು ಪ್ರಾಕ್ಸಿಗೆ ಹೋಗಿ ಸಾಯುತ್ತದೆ. ಪರದೆ ಮೇಲೆ ಬರುವುದು ಮಾತ್ರ "ಎಮ್‌ಸೈನರ್ ಸ್ಟಾರ್ಟ್ ಆಗಿಲ್ಲ" ಅನ್ನುವ ದೂರು, ಜನ ಅದನ್ನು ಮೂರು ಸಲ ಅಳಿಸಿ ಮತ್ತೆ ಹಾಕುತ್ತಾರೆ. ಇನ್ನೊಂದು: ಸಹಿಯ ಸರ್ಟಿಫಿಕೇಟ್ ರದ್ದಾಗಿದೆಯೇ ಅಂತ ಸಹಿ ಹಾಕುವ ತಂತ್ರಾಂಶವು ಆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯ ಸರ್ವರನ್ನು ಕೇಳುತ್ತದೆ, ಬಹಳ ಸಲ ಸಾದಾ 80ನೇ ಪೋರ್ಟಿನಲ್ಲಿ. "80 ಯಾರಿಗೆ ಬೇಕು" ಅಂತ ಮುಚ್ಚಿದವರ ಕಡೆ ಪಿಡಿಎಫ್ ಸಹಿ ನಿಮಿಷಗಟ್ಟಲೆ ನೇತಾಡುತ್ತದೆ.

ಆದ್ದರಿಂದ ದಿನ ನೋಡಿ ಕೈ ಹಾಕಿ. ತಿಂಗಳಲ್ಲಿ ಟಿಡಿಎಸ್ ಕಟ್ಟುವ 7ನೇ ತಾರೀಖು, ಜಿಎಸ್‌ಟಿಆರ್-1ರ 11, ಪಿಎಫ್ ಇಎಸ್‌ಐ 15, ಜಿಎಸ್‌ಟಿಆರ್-3ಬಿಯ 20, ಇವುಗಳ ಮುಂಚಿನ ಎರಡು ದಿನ ಫೈರ್‌ವಾಲ್ ಮುಟ್ಟಬಾರದು. 21ರಿಂದ ತಿಂಗಳ ಕೊನೆಯೊಳಗಿನ ಒಂದು ಶನಿವಾರ ಒಳ್ಳೆಯದು. ಒಂದು ಪೂರ್ತಿ ತಿಂಗಳ ಚಕ್ರ ದಾಟದೆ "ಪಟ್ಟಿ ಸರಿಯಾಯಿತು" ಅನ್ನಬೇಡಿ.

ಎಚ್‌ಟಿಟಿಪಿಎಸ್ ಒಡೆದು ಒಳಗೆ ನೋಡುವ ಸೌಲಭ್ಯ ಫೈರ್‌ವಾಲ್ ಮಾರುವವರ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಮೂವತ್ತು ಕಂಪ್ಯೂಟರಿನ ಆಫೀಸಿಗೆ ಅದು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಪ್ರತಿ ಯಂತ್ರವೂ ನಿಮ್ಮ ಫೈರ್‌ವಾಲನ್ನು ನಂಬುವಂತೆ ನಿಮ್ಮ ರೂಟ್ ಸರ್ಟಿಫಿಕೇಟ್ ಹಾಕಬೇಕು, ತಮ್ಮ ಸರ್ಟಿಫಿಕೇಟ್ ಮಾತ್ರ ಒಪ್ಪುವ ಆ್ಯಪ್‌ಗಳು ನಿಂತುಹೋಗುತ್ತವೆ, ನೌಕರರ ಬ್ಯಾಂಕ್ ಪಾಸ್‌ವರ್ಡ್ ನಿಮ್ಮ ಪೆಟ್ಟಿಗೆಯೊಳಗೆ ಬಿಚ್ಚಿಕೊಂಡು ಹಾದುಹೋಗುತ್ತದೆ. ಆ ಪೆಟ್ಟಿಗೆಯನ್ನು ಕಾಯುವವರು ಯಾರು?

ಅದರ ಬದಲು ಕಂಪ್ಯೂಟರನ್ನೇ ಬಿಗಿ ಮಾಡಿ. ಯಾರಿಗೂ ದಿನನಿತ್ಯದ ಲಾಗಿನ್‌ನಲ್ಲಿ ಅಡ್ಮಿನ್ ಹಕ್ಕು ಬೇಡ, ಓನರ್‌ಗೂ ಬೇಡ. ಕ್ರೋಮಿನ ಪಾಲಿಸಿಯಲ್ಲಿ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ತಡೆದು, ಬೇಕಾದ ಎರಡು ಮೂರಕ್ಕೆ ಮಾತ್ರ ಅನುಮತಿ ಕೊಡಿ. ಪುಕ್ಕಟೆ ವಿಪಿಎನ್‌ಗಳು ಒಳಗೆ ಬರುವ ಸುಲಭದ ದಾರಿ ಎಕ್ಸ್‌ಟೆನ್ಷನ್. ಕ್ರೋಮಿನ ಸೈಟುಗಳ ತಡೆಪಟ್ಟಿಯಲ್ಲಿ 1000 ವಿಳಾಸಕ್ಕಿಂತ ಹೆಚ್ಚು ಹಿಡಿಸುವುದಿಲ್ಲ, ಹಾಗಾಗಿ ಎಲ್ಲವನ್ನೂ ಅದರಲ್ಲೇ ತುರುಕಲು ಹೋಗಬೇಡಿ. ವಿಳಾಸದ ಜಾಗದಲ್ಲಿ "ಕ್ರೋಮ್", ಕೋಲನ್, ಎರಡು ಓರೆಗೆರೆ (ಸ್ಲ್ಯಾಶ್), "ಪಾಲಿಸಿ" ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಯಾವುದು ನಿಜಕ್ಕೂ ಜಾರಿಯಾಗಿದೆ ಅಂತ ಕಾಣುತ್ತದೆ. ಎನಿಡೆಸ್ಕ್ ಥರದ ರಿಮೋಟ್ ಆ್ಯಪ್‌ಗಳಲ್ಲಿ ನಿಮ್ಮ ಸಾಫ್ಟ್‌ವೇರ್ ಸಪೋರ್ಟಿನವರು ಬಳಸುವ ಒಂದನ್ನು ಬಿಟ್ಟು ಉಳಿದವೆಲ್ಲ ಬಂದ್. "ಬ್ಯಾಂಕಿನಿಂದ ಮಾತಾಡ್ತಿದೀವಿ" ಅನ್ನುವವರು ಮೊದಲು ಹಾಕಿಸುವುದು ಇವನ್ನೇ. ಹೊರಗೆ ಹೋಗುವ 25 (ಮೇಲ್ ಸರ್ವರ್), 445 (ಫೈಲ್ ಹಂಚಿಕೆ), 3389 (ರಿಮೋಟ್ ಡೆಸ್ಕ್‌ಟಾಪ್) ಪೋರ್ಟುಗಳೂ ಮುಚ್ಚಿರಲಿ, ಆಫೀಸ್ ಕಂಪ್ಯೂಟರಿಗೆ ಅವುಗಳಿಂದ ಇಂಟರ್ನೆಟ್ಟಿನಲ್ಲಿ ಆಗಬೇಕಾದ ಕೆಲಸವಿಲ್ಲ.

ಯುಎಸ್‌ಬಿ ಅಂದ ಕೂಡಲೇ ಎಲ್ಲರಿಗೂ ಪೆನ್‌ಡ್ರೈವ್ ನೆನಪಾಗುತ್ತದೆ. ಚಾರ್ಜಿಗೆ ಅಂತ ಸಿಕ್ಕಿಸಿದ ಫೋನೂ ಅಷ್ಟೇ ಅಪಾಯ. ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕೇಬಲ್ ಮೂಲಕ ಕೊಡುವುದು) ಆನ್ ಮಾಡಿದರೆ ವಿಂಡೋಸಿಗೆ ಅದು ಇನ್ನೊಂದು ಲ್ಯಾನ್ ಕಾರ್ಡ್. ಡ್ರೈವರ್ ಒಳಗೇ ಇರುವುದರಿಂದ ಅಡ್ಮಿನ್ ಹಕ್ಕನ್ನೂ ಕೇಳದೆ ಸೇರಿಕೊಳ್ಳುತ್ತದೆ. ಆ ಕ್ಷಣದಿಂದ ಆ ಕಂಪ್ಯೂಟರ್ ಒಂದು ಕಾಲು ನಿಮ್ಮ ಅಕೌಂಟ್ಸ್ ನೆಟ್‌ವರ್ಕಿನಲ್ಲಿ, ಇನ್ನೊಂದು ಕಾಲು ಬೀದಿಯಲ್ಲಿ ಇಟ್ಟುಕೊಂಡಿರುತ್ತದೆ. ಗ್ರೂಪ್ ಪಾಲಿಸಿಯಲ್ಲಿ ಸಾಧನ ಅಳವಡಿಕೆಯ ನಿರ್ಬಂಧಗಳಿಂದ ತಡೆಯಬಹುದು, ಆದರೆ ಅದಕ್ಕೆ ವಿಂಡೋಸ್ ಪ್ರೊ ಬೇಕು. ಹೋಮ್ ಎಡಿಷನ್ನಿನಲ್ಲಿ ಆ ಪರದೆಯೇ ಇಲ್ಲ. ಪ್ರತಿ ಮೇಜಿಗೂ ಒಂದು ಮಾಮೂಲಿ ಚಾರ್ಜರ್ ತಂದಿಡಿ. ತಮಾಷೆಯಲ್ಲ, ಇಡೀ ಯೋಜನೆಯಲ್ಲಿ ಕಡಿಮೆ ಖರ್ಚಿನ ಭದ್ರತೆ ಅದೇ.

ಇಷ್ಟಾದ ಮೇಲೂ ಯೂಟ್ಯೂಬ್ ಬಂದ್ ಆಗಲೇಬೇಕು ಅಂದರೆ ಮಾಡಿ, ಊಟದ ಹೊತ್ತು ಒಂದರಿಂದ ಎರಡು ಬಿಟ್ಟುಬಿಡಿ. ಸಮಯದ ನಿಯಮದಲ್ಲಿ ಎರಡು ಎಡವಟ್ಟು. ಎರಡು ಗಂಟೆಗೆ ನಿಯಮ ಜಾರಿಯಾದರೂ ಆಗಲೇ ಓಡುತ್ತಿರುವ ವಿಡಿಯೋ ನಿಲ್ಲುವುದಿಲ್ಲ. ಚಾಲ್ತಿಯಲ್ಲಿರುವ ಸಂಪರ್ಕಕ್ಕೆ ದಾರಿ ಬಿಡುವ ಸಾಲು ಪಟ್ಟಿಯಲ್ಲಿ ಮೇಲಿರುತ್ತದೆ. ಆ ಹೊತ್ತಿಗೆ ಹಳೆಯ ಸಂಪರ್ಕಗಳನ್ನು ಅಳಿಸುವ ಒಂದು ಚಿಕ್ಕ ಸ್ಕ್ರಿಪ್ಟ್ ಬೇಕು. ಎರಡನೆಯದು ಕರೆಂಟು. ಎಷ್ಟೋ ರೂಟರುಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ ಯಾವುದೋ ಕಾಲಕ್ಕೆ ಎದ್ದು ಕೂರುತ್ತದೆ, ಬೆಳಗ್ಗೆ ಹನ್ನೊಂದಕ್ಕೆ ಊಟದ ವಿರಾಮ ಕೊಡುತ್ತದೆ. ಸರ್ಕಾರಿ ಸಂಸ್ಥೆ ಎನ್‌ಐಸಿಯ "ಸಮಯ್1", "ಸಮಯ್2" ಸರ್ವರುಗಳಿಂದ ಎನ್‌ಟಿಪಿ (ಗಡಿಯಾರವನ್ನು ತಾನಾಗಿ ಸರಿಪಡಿಸುವ ವ್ಯವಸ್ಥೆ) ಹಾಕಿ.

ಆ ಸರ್ವರುಗಳನ್ನು ಹೆಸರಿಸಿದ್ದಕ್ಕೆ ಕಾರಣವಿದೆ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಕಂಪನಿಗಳಿಗೂ ಅನ್ವಯಿಸುತ್ತದೆ: ಗಡಿಯಾರ ಎನ್‌ಐಸಿ ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿರಬೇಕು, ಲಾಗ್‌ಗಳು 180 ದಿನ ಉಳಿಯಬೇಕು, ಪಟ್ಟಿಯಲ್ಲಿರುವ ಸೈಬರ್ ಘಟನೆ ನಡೆದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಸಣ್ಣ ಉದ್ದಿಮೆಗಳಿಗೆ ಸಿಕ್ಕಿದ್ದ ವಿನಾಯಿತಿ 2022ರ ಸೆಪ್ಟೆಂಬರ್ 25ಕ್ಕೇ ಮುಗಿದಿದೆ. ರೂಟರಿನ ಮೆಮೊರಿಯಲ್ಲಿ ಲಾಗ್ ಗಂಟೆಗಟ್ಟಲೆ ಕೂಡ ನಿಲ್ಲದಿರಬಹುದು, ಆದ್ದರಿಂದ ಸಿಸ್‌ಲಾಗ್ ಅನ್ನುವ ಲಾಗ್ ರವಾನೆ ಸೌಲಭ್ಯದ ಮೂಲಕ ಬೇರೆ ಯಂತ್ರಕ್ಕೆ ಕಳಿಸಿ. ದುಡ್ಡೇ ಹೋಗಿದ್ದರೆ ಲಾಗ್ ಹುಡುಕುತ್ತಾ ಕೂರಬೇಡಿ, ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಲಾಗ್ ಇಡುವುದು ಅಂದರೆ ನೌಕರರ ಮಾಹಿತಿ ಇಡುವುದು ಅಂತಲೇ ಅರ್ಥ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆಯ 7ನೇ ಕಲಂ ಉದ್ಯೋಗದ ಉದ್ದೇಶಕ್ಕೆ, ಸಂಸ್ಥೆಯನ್ನು ನಷ್ಟದಿಂದ ಕಾಪಾಡುವುದಕ್ಕೆ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಅದನ್ನೇ ಹಿಡಿದು ಕೀಬೋರ್ಡ್ ಕದ್ದುನೋಡುವ, ಹತ್ತು ನಿಮಿಷಕ್ಕೊಮ್ಮೆ ಸ್ಕ್ರೀನ್‌ಶಾಟ್ ಹೊಡೆಯುವ ತಂತ್ರಾಂಶ ಹಾಕುವವರಿದ್ದಾರೆ. ಅದರಲ್ಲಿ ಸಿಗುವುದು ನೌಕರರ ಪಾಸ್‌ವರ್ಡು, ವೈದ್ಯರ ವರದಿ, ಮನೆಯ ಜಗಳ. ಕೆಲಸಕ್ಕೆ ಬರುವುದು ಏನೂ ಇಲ್ಲ, ಕಳ್ಳತನವಾದರೆ ಹೊಣೆ ಮಾತ್ರ ನಿಮ್ಮದು. ಒಂದು ಪುಟದ ಸೂಚನೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ: ಏನು ಬಂದ್ ಇದೆ, ಏನು ಲಾಗ್ ಆಗುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನೋಡಬಹುದು, ಸೈಟ್ ಬೇಕಾದರೆ ಯಾರಿಗೆ ಹೇಳಬೇಕು. ಸಹಿ ಹಾಕಿಸಿಕೊಳ್ಳಿ. ನಿಯಮ ಓನರ್ ಮಗನಿಗೂ ಅಷ್ಟೇ ಅಂತ ಬರೆದಿದ್ದರೆ ಉಳಿದವರು ಗೊಣಗುವುದು ಅರ್ಧಕ್ಕೆ ಇಳಿಯುತ್ತದೆ.

ಆ "ಯಾರಿಗೆ ಹೇಳಬೇಕು" ಅನ್ನುವ ಸಾಲನ್ನು ಸಸಾರ ಮಾಡಬೇಡಿ. ಸೇಲ್ಸ್‌ನವರಿಗೆ ಗಿರಾಕಿಯ ಸೈಟ್ ತೆರೆಯಬೇಕು, ಖರೀದಿಯವರಿಗೆ ಬೇರಿಂಗಿನ ಡ್ರಾಯಿಂಗ್ ಬೇಕು, ಎಲ್ಲೋ ತಡೆ ಬಿದ್ದಿರುತ್ತದೆ. ಅರ್ಧ ಗಂಟೆಯಲ್ಲಿ ಬಿಡಿಸಿಕೊಟ್ಟರೆ ಕೇಳುತ್ತಾರೆ. ಎರಡು ದಿನ ಕಾಯಿಸಿದರೆ ಮೂರನೇ ದಿನ ಕೇಳುವುದಿಲ್ಲ, ಹಾಟ್‌ಸ್ಪಾಟ್ ಆನ್ ಮಾಡುತ್ತಾರೆ. ಬಿಟ್ಟುಕೊಟ್ಟ ಪ್ರತಿ ನಿಯಮಕ್ಕೂ ಕಾಮೆಂಟಿನಲ್ಲಿ ಕೇಳಿದವರ ಹೆಸರು, ದಿನಾಂಕ, ಮುಗಿಯುವ ದಿನ ಬರೆಯಿರಿ. ಬರೆಯದ "ತಾತ್ಕಾಲಿಕ" ನಿಯಮ ಮೂರು ವರ್ಷ ಬದುಕುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಫೋನು, ಒಂದು ಲ್ಯಾಪ್‌ಟಾಪ್ ಹಿಡಿದು ನಾಲ್ಕೂ ವಿಎಲ್‌ಎಎನ್‌ಗೆ ಸರದಿಯಲ್ಲಿ ಸೇರಿ ಮುರಿಯಲು ನೋಡಿ: ಡಿಎನ್‌ಎಸ್ 8.8.8.8 ಹಾಕಿ, ಪ್ರೈವೇಟ್ ಡಿಎನ್‌ಎಸ್ ಆನ್ ಮಾಡಿ, ಅತಿಥಿ ವೈ-ಫೈನಿಂದ ಸಿಸಿಟಿವಿ ಡಿವಿಆರ್‌ನ ಐಪಿ ತೆರೆಯಲು ನೋಡಿ, ಅಕೌಂಟ್ಸ್ ಕೇಬಲ್ಲಿನಲ್ಲಿ ಪಟ್ಟಿಯಲ್ಲಿಲ್ಲದ ಒಂದು ಸೈಟ್ ಒತ್ತಿ. ತೆರೆದದ್ದೆಲ್ಲ ಮುಚ್ಚಿದ ಮೇಲೆ ರೂಟರಿನ ಕಾನ್ಫಿಗರೇಶನ್ನನ್ನು ಎಕ್ಸ್‌ಪೋರ್ಟ್ ಮಾಡಿ ಎರಡು ಕಡೆ ಇಡಿ, ಅಡ್ಮಿನ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಕವರಿನಲ್ಲಿ ಅಂಟಿಸಿ, ಓನರ್‌ನ ತಿಜೋರಿಗೆ ಸೇರಿಸಿ. ನೆಟ್‌ವರ್ಕ್ ಮಾಡಿದವನು ನಾಳೆ ಬೇರೆ ಊರಿಗೆ ಹೋದರೆ ಪೆಟ್ಟಿಗೆಯನ್ನು ರೀಸೆಟ್ ಮಾಡುವ ಕೆಲಸ ಬರಬಾರದು.